ಮಿಷಿಗನ್ 2024: ಅಧ್ಯಕ್ಷರಿಗೆ ಒಂದು ಪಕ್ಷ, ಸೆನೆಟ್‌ಗೆ ಇನ್ನೊಂದು. ಫಲಿತಾಂಶದ ಪಟ್ಟಿ ತಾಳೆ ಹಾಕುವುದು ಹೇಗೆ?

ಅಂಕಿಕಣ್ಣು ಕೇಳಿದ್ದು:

ನಮಸ್ಕಾರ. ಮಿಷಿಗನ್ ರಾಜ್ಯದ 2024ರ ನವೆಂಬರ್ 5ರ ಚುನಾವಣೆಯ ಅಧಿಕೃತ ಅಂಕಿಗಳನ್ನು ಇಟ್ಟುಕೊಂಡು ಕನ್ನಡದಲ್ಲಿ ಒಂದು ವಿವರಣೆ ಸಿದ್ಧವಾಗುತ್ತಿದೆ. ಓದುವವರಲ್ಲಿ ಅರ್ಧ ಜನ ನೋವಿ, ಟ್ರಾಯ್, ಕ್ಯಾಂಟನ್ ಕಡೆಯವರು, ಇನ್ನರ್ಧ ಊರಲ್ಲಿರುವವರು. ಲೆಕ್ಕ ಐದು ಕಡೆ ಸಿಕ್ಕಿಹಾಕಿಕೊಂಡಿದೆ.

ಒಂದು. ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ 28,16,636, ಹ್ಯಾರಿಸ್ 27,36,533. ಅದೇ ದಿನ, ಅದೇ ಮತಪತ್ರದಲ್ಲಿ ಸೆನೆಟ್‌ಗೆ ಡೆಮಾಕ್ರಟ್ ಎಲಿಸ್ಸಾ ಸ್ಲಾಟ್‌ಕಿನ್ 27,12,686, ರಿಪಬ್ಲಿಕನ್ ಮೈಕ್ ರೋಜರ್ಸ್ 26,93,680. "ಸುಮಾರು ಒಂದು ಲಕ್ಷ ಟ್ರಂಪ್ ಮತದಾರರು ಸ್ಲಾಟ್‌ಕಿನ್‌ಗೆ ಹಾಕಿದರು" ಎಂದು ಬರೆದರೆ ತಪ್ಪೇ?

ಎರಡು. ಮಿಷಿಗನ್ ವಿಶ್ವವಿದ್ಯಾಲಯದ ರೀಜೆಂಟ್ (ಆಡಳಿತ ಮಂಡಳಿ ಸದಸ್ಯ) ಸ್ಥಾನಕ್ಕೆ ಬಿದ್ದ ಮತಗಳನ್ನೆಲ್ಲ ಕೂಡಿದರೆ ಅಧ್ಯಕ್ಷ ಸ್ಥಾನದ ಮೊತ್ತದ ಹತ್ತಿರ ಹತ್ತಿರ ಎರಡರಷ್ಟು ಬರುತ್ತಿದೆ. ಫೈಲು ಎರಡು ಸಲ ಸೇರಿಕೊಂಡಿದೆಯೇ?

ಮೂರು. ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಪಿಡಿಎಫ್‌ನಲ್ಲಿ ಮೊದಲಿಗೇ "ಸ್ಟ್ರೇಟ್ ಪಾರ್ಟಿ" ಅಂತ ಒಂದು ಪಟ್ಟಿ ಇದೆ. ಅದನ್ನು ಅಭ್ಯರ್ಥಿಯ ಮತಕ್ಕೆ ಸೇರಿಸಬೇಕೇ?

ನಾಲ್ಕು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಪ್ರತಿನಿಧಿಸುವ ಅಮೆರಿಕ ಕಾಂಗ್ರೆಸ್‌ನ 13ನೇ ಕ್ಷೇತ್ರದಲ್ಲಿ ಅಧ್ಯಕ್ಷ ಸ್ಥಾನದ ಮತ ಹೇಗೆ ಬಿತ್ತು ಎಂದು ತೋರಿಸಬೇಕು. ಡೆಟ್ರಾಯ್ಟ್ ನಗರದ ಸಾಲುಗಳನ್ನು ಕೂಡಿದರೆ ಸಾಕೇ?

ಐದು. ನವೆಂಬರ್ 6ರ ಸುದ್ದಿತಾಣಗಳ ಅಂಕಿಗೂ ಈಗಿನ ಅಂಕಿಗೂ ವ್ಯತ್ಯಾಸ ಇದೆ. ಯಾವುದನ್ನು ಕೊಡಬೇಕು?

---

ತಾಳೆಪಟ್ಟಿ:

ಒಂದನೆಯದಕ್ಕೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದಕ್ಕೆ ಇಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ.

"ಒಂದು ಲಕ್ಷ" ಎಲ್ಲಿಂದ ಬಂತು ಅನ್ನೋದು ಗೊತ್ತಾಯಿತು. ಟ್ರಂಪ್ ಮುನ್ನಡೆ 80,103, ಸ್ಲಾಟ್‌ಕಿನ್ ಮುನ್ನಡೆ 19,006, ಕೂಡಿದರೆ 99,109. ಲೆಕ್ಕ ಸರಿ, ಅರ್ಥ ತಪ್ಪು. ಅಂತರ ತಿರುಗಿದ್ದು 99,109, ಜನ ತಿರುಗಿದ್ದು ಅಷ್ಟಲ್ಲ.

ಎರಡೂ ಪಕ್ಷಗಳನ್ನು ಬೇರೆ ಬೇರೆ ನೋಡಿ. ರೋಜರ್ಸ್‌ಗೆ ಟ್ರಂಪ್‌ಗಿಂತ 1,22,956 ಕಮ್ಮಿ. ಸ್ಲಾಟ್‌ಕಿನ್‌ಗೆ ಹ್ಯಾರಿಸ್‌ಗಿಂತ 23,847 ಕಮ್ಮಿ. ಅಂದರೆ ಗೆದ್ದ ಸ್ಲಾಟ್‌ಕಿನ್, ಸೋತ ಹ್ಯಾರಿಸ್‌ಗಿಂತ ಕಡಿಮೆ ಮತ ಪಡೆದು ಗೆದ್ದಿದ್ದಾರೆ. ಈ ಒಂದು ಸಾಲು ನಿಮ್ಮ ಬರಹದ ತಲೆಯಲ್ಲೇ ಇರಲಿ, ಏಕೆಂದರೆ ಬಹಳ ಕಡೆ "ಸ್ಲಾಟ್‌ಕಿನ್ ಅಲೆ" ಅಂತ ಬರೆದಿದ್ದಾರೆ. ಅಂಥ ಅಲೆ ಅಂಕಿಯಲ್ಲಿ ಇಲ್ಲ.

ಹಾಗಾದರೆ ಎರಡೂ ಕಡೆ ಸೇರಿ ಕಾಣೆಯಾದ 1,46,803 ಮತ ಎಲ್ಲಿ ಹೋಯಿತು? ಅಧ್ಯಕ್ಷ ಸ್ಥಾನಕ್ಕೆ ಬಿದ್ದ ಒಟ್ಟು ಮತ 56,64,186, ಸೆನೆಟ್‌ಗೆ 55,77,187. ವ್ಯತ್ಯಾಸ 86,999. ಇಷ್ಟು ಮತ ಮೇಲಿನ ಸ್ಥಾನದಲ್ಲಿ ಇದೆ, ಕೆಳಗಿನದರಲ್ಲಿ ಇಲ್ಲ. ಉಳಿದ 59,804ಕ್ಕೆ ಸಣ್ಣ ಪಕ್ಷಗಳನ್ನು ನೋಡಬೇಕು. ಅಧ್ಯಕ್ಷ ಸ್ಥಾನದಲ್ಲಿ ಟ್ರಂಪ್, ಹ್ಯಾರಿಸ್ ಬಿಟ್ಟು ಉಳಿದವರಿಗೆ 1,11,017, ಸೆನೆಟ್‌ನಲ್ಲಿ ಇಬ್ಬರನ್ನು ಬಿಟ್ಟು ಉಳಿದವರಿಗೆ 1,70,821. ಕಳೆದು ನೋಡಿ, ಸರಿಯಾಗಿ 59,804.

ಇದನ್ನು ಓದಿ "ಖಾಲಿ ಬಿಟ್ಟವರೇ ರೋಜರ್ಸ್‌ರನ್ನು ಸೋಲಿಸಿದರು" ಎಂದು ಮಾತ್ರ ಬರೆಯಬೇಡಿ. ಇವೆಲ್ಲ ನಿವ್ವಳ ಅಂಕಿಗಳು. ಟ್ರಂಪ್‌ಗೆ ಹಾಕಿ ಸ್ಲಾಟ್‌ಕಿನ್‌ಗೂ ಹಾಕಿದವರು ಇದ್ದಾರೆ, ಹ್ಯಾರಿಸ್‌ಗೆ ಹಾಕಿ ರೋಜರ್ಸ್‌ಗೆ ಹಾಕಿದವರೂ ಇದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ಅಳಿಸಿಬಿಡುತ್ತಾರೆ. ಮೊತ್ತದ ಪಟ್ಟಿಯಿಂದ ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಟ್ರಂಪ್‌ಗೆ ಹಾಕಿದವರಲ್ಲಿ ಕನಿಷ್ಠ 1,22,956 ಮಂದಿ ರೋಜರ್ಸ್‌ಗೆ ಹಾಕಿಲ್ಲ. ಹ್ಯಾರಿಸ್‌ಗೆ ಹಾಕಿದವರಲ್ಲಿ ಕನಿಷ್ಠ 23,847 ಮಂದಿ ಸ್ಲಾಟ್‌ಕಿನ್‌ಗೆ ಹಾಕಿಲ್ಲ. ಅವರು ಬೇರೆ ಯಾರಿಗೆ ಹಾಕಿದರು, ಇಲ್ಲ ಸುಮ್ಮನೆ ಬಿಟ್ಟರು ಅನ್ನೋದಕ್ಕೆ ಮತಪತ್ರವಾರು ದಾಖಲೆ ಬೇಕು. ಪ್ರೀಸಿಂಕ್ಟ್‌ವಾರು (ಅಂದರೆ ಮತಗಟ್ಟೆ ವ್ಯಾಪ್ತಿವಾರು) ಪಟ್ಟಿ ಸಾಲದು.

ಇನ್ನೊಂದು ಮಾತು, ಊರಿನ ಓದುಗರಿಗಾಗಿ: ಖಾಲಿ ಬಿಟ್ಟದ್ದನ್ನು ನೋಟಾ ಅನ್ನಬೇಡಿ. ಮಿಷಿಗನ್ ಮತಪತ್ರದಲ್ಲಿ ನೋಟಾ ಎಂಬ ಗುಂಡಿಯೂ ಇಲ್ಲ, ಸಾಲೂ ಇಲ್ಲ. ಒಂದೇ ಹಾಳೆಯಲ್ಲಿ ಅಧ್ಯಕ್ಷರಿಂದ ಹಿಡಿದು ಟೌನ್‌ಶಿಪ್ (ಕೌಂಟಿಯೊಳಗಿನ ಸ್ಥಳೀಯಾಡಳಿತ), ಶಾಲಾ ಮಂಡಳಿಯವರೆಗೆ ಹತ್ತಾರು ಸ್ಥಾನಗಳು. ಬೇಕಾದ್ದಕ್ಕೆ ಅಂಡಾಕಾರ ತುಂಬಿ ಉಳಿದದ್ದು ಬಿಡಬಹುದು. ಮತಪತ್ರ ಅಸಿಂಧು ಆಗುವುದಿಲ್ಲ, ಆ ಸ್ಥಾನದಲ್ಲಿ ಮಾತ್ರ ಎಣಿಕೆಗೆ ಬರುವುದಿಲ್ಲ. ಒಂದೇ ಸ್ಥಾನಕ್ಕೆ ಎರಡು ಗುರುತು ಹಾಕಿದರೂ ಅಷ್ಟೇ, ಆ ಸ್ಥಾನದ ಮತ ಹೋಗುತ್ತದೆ, ಹಾಳೆ ಉಳಿಯುತ್ತದೆ. ಆದ್ದರಿಂದ 86,999ರಲ್ಲಿ ಖಾಲಿಯೂ ಇದೆ, ಹೆಚ್ಚು ಗುರುತಿನವೂ ಇವೆ.

---

ಚೀಟಿಚಾವಡಿ:

ಎರಡು ಮತ್ತು ಮೂರಕ್ಕೆ.

ಫೈಲು ಸರಿಯಾಗಿದೆ. ರೀಜೆಂಟ್ ಸ್ಥಾನ ಎರಡು, ಒಬ್ಬ ಮತದಾರ ಇಬ್ಬರಿಗೆ ಹಾಕಬಹುದು. ರಾಜ್ಯ ಶಿಕ್ಷಣ ಮಂಡಳಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಟ್ರಸ್ಟಿಗಳು, ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಗವರ್ನರುಗಳು, ಎಲ್ಲ ಕಡೆಯೂ ಹೀಗೆಯೇ: ಎಂಟು ವರ್ಷದ ಅವಧಿ, ಸರಿಸಂಖ್ಯೆಯ ವರ್ಷ ಬಂದಾಗಲೆಲ್ಲ ತಲಾ ಎರಡು ಸ್ಥಾನ, ಇಡೀ ರಾಜ್ಯವೇ ಒಂದು ಕ್ಷೇತ್ರ. ಶೇಕಡಾವಾರು ಹಾಕುವಾಗ ಎಡವುವುದು ಇಲ್ಲೇ. ಅಭ್ಯರ್ಥಿಯ ಮತವನ್ನು ಒಟ್ಟು ಮತದಿಂದ ಭಾಗಿಸಿದರೆ ಗೆದ್ದವರಿಗೂ ಶೇ 25ರ ಆಸುಪಾಸು ಬರುತ್ತದೆ, ಓದುಗರು "ಇಷ್ಟು ಕಡಿಮೆಗೆ ಗೆದ್ದರೇ" ಅಂತಾರೆ. ಅಂಥ ಸ್ಥಾನಕ್ಕೆ ಶೇಕಡಾ ಬಿಟ್ಟು ಮತಸಂಖ್ಯೆ ಮಾತ್ರ ಕೊಡಿ.

ಅಂದಹಾಗೆ ಆ ವರ್ಷ ರೀಜೆಂಟ್ ಸ್ಥಾನ ಎರಡೂ ಪಕ್ಷಕ್ಕೆ ಹಂಚಿಹೋಯಿತು: ರಿಪಬ್ಲಿಕನ್ ಕಾರ್ಲ್ ಮೇಯರ್ಸ್ ಮತ್ತು ಡೆಮಾಕ್ರಟ್ ಡೆನಿಸ್ ಇಲಿಚ್.

ಸ್ಟ್ರೇಟ್ ಪಾರ್ಟಿ: ಸೇರಿಸಲೇಬೇಡಿ. ಮತಪತ್ರದ ನೆತ್ತಿಯಲ್ಲಿ ಪಕ್ಷದ ಹೆಸರಿನ ಮುಂದೆ ಒಂದು ಅಂಡಾಕಾರ ಇರುತ್ತದೆ. ಅದೊಂದನ್ನು ತುಂಬಿದರೆ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಹೋಗುತ್ತದೆ. 2018ರ ಜನಮತದ ಮೂರನೇ ಪ್ರಸ್ತಾವನೆ ಇದನ್ನು ಮತ್ತೆ ತಂದದ್ದು. ಎಣಿಕೆ ಯಂತ್ರ ಆ ಗುರುತನ್ನು ಅಭ್ಯರ್ಥಿಗಳಿಗೆ ಹಂಚಿಯೇ ಮೊತ್ತ ತೋರಿಸುತ್ತದೆ. ಪಿಡಿಎಫ್‌ನ ಮೊದಲ ಪಟ್ಟಿ "ಇಷ್ಟು ಜನ ಆ ಅಂಡಾಕಾರ ತುಂಬಿದರು" ಎಂಬ ಮಾಹಿತಿ ಮಾತ್ರ. ಕೂಡಿದಿರೋ, ಒಂದೇ ಮತ ಎರಡು ಸಲ.

ಪಕ್ಷಕ್ಕೆ ಗುರುತು ಹಾಕಿ, ಕೆಳಗೆ ಸೆನೆಟ್‌ಗೆ ಮಾತ್ರ ಬೇರೆ ಪಕ್ಷದವರಿಗೆ ಹಾಕಿದರೆ ಆ ಒಂದು ಸ್ಥಾನಕ್ಕೆ ಕೆಳಗಿನ ಗುರುತೇ ನಡೆಯುತ್ತದೆ. ಆದ್ದರಿಂದ ಸ್ಟ್ರೇಟ್ ಪಾರ್ಟಿ ಸಂಖ್ಯೆಯನ್ನು "ಕಣ್ಣು ಮುಚ್ಚಿ ಪಕ್ಷಕ್ಕೆ ಹಾಕಿದವರು" ಎಂದು ಬಣ್ಣಿಸುವುದೂ ಸರಿಯಲ್ಲ.

ಈ ಗುರುತು ತಲುಪದ ಒಂದು ಭಾಗ ಇದೆ, ಪಕ್ಷರಹಿತ ಭಾಗ. ರಾಜ್ಯದ ಸುಪ್ರೀಂ ಕೋರ್ಟ್ ಅಲ್ಲಿ ಬರುತ್ತದೆ. ಇಲ್ಲೊಂದು ವಿಚಿತ್ರ: ನ್ಯಾಯಮೂರ್ತಿ ಅಭ್ಯರ್ಥಿಗಳನ್ನು ಪಕ್ಷದ ಸಮಾವೇಶದಲ್ಲೇ ನಾಮಕರಣ ಮಾಡುತ್ತಾರೆ, ಮತಪತ್ರದಲ್ಲಿ ಮಾತ್ರ ಪಕ್ಷದ ಹೆಸರು ಇರುವುದಿಲ್ಲ. ಹಾಲಿ ನ್ಯಾಯಮೂರ್ತಿಯಾಗಿದ್ದರೆ ಹೆಸರಿನ ಕೆಳಗೆ ಆ ಹುದ್ದೆ ಅಚ್ಚಾಗುತ್ತದೆ. ಟ್ರಂಪ್ ಗೆದ್ದ ಅದೇ ದಿನ ಡೆಮಾಕ್ರಟಿಕ್ ಪಕ್ಷ ನಾಮಕರಣ ಮಾಡಿದ್ದ ಕೈರಾ ಹ್ಯಾರಿಸ್ ಬೋಲ್ಡನ್, ಕಿಂಬರ್ಲಿ ಆ್ಯನ್ ಥಾಮಸ್ ಇಬ್ಬರೂ ಗೆದ್ದು ಪೀಠ ಡೆಮಾಕ್ರಟಿಕ್ ಕಡೆಗೆ 5–2 ಆಯಿತು. ಇವೆರಡು ಬೇರೆ ಬೇರೆ ಸ್ಪರ್ಧೆಗಳು: ಬೋಲ್ಡನ್ ಅವರದು ಉಳಿದ ಅವಧಿಗೆ, ಥಾಮಸ್ ಅವರದು ಪೂರ್ಣ ಎಂಟು ವರ್ಷಕ್ಕೆ. ರೀಜೆಂಟ್ ಸ್ಥಾನದ ಹಾಗೆ ಕೂಡಬೇಡಿ.

---

ಸೊನ್ನೆಬಿಲ್ಲು:

ನಾಲ್ಕನೆಯ ಪ್ರಶ್ನೆಗೆ: ಡೆಟ್ರಾಯ್ಟ್ ಸಾಲುಗಳನ್ನು ಕೂಡಿದರೆ 13ನೇ ಕ್ಷೇತ್ರ ಬರುವುದಿಲ್ಲ. ನಗರವೇ 12 ಮತ್ತು 13ನೇ ಕ್ಷೇತ್ರಗಳ ನಡುವೆ ಒಡೆದಿದೆ. 13ನೆಯದರಲ್ಲಿ ಡೆಟ್ರಾಯ್ಟ್‌ನ ದೊಡ್ಡ ಭಾಗದ ಜೊತೆ ಗ್ರೋಸ್ ಪಾಯಿಂಟ್ ಊರುಗಳು, ನದಿಗುಂಟ ದಕ್ಷಿಣದ ಡೌನ್‌ರಿವರ್ ಊರುಗಳು ಇವೆ. ಒಳ್ಳೆಯದೇನೆಂದರೆ ಇಡೀ ಕ್ಷೇತ್ರ ವೇಯ್ನ್ ಕೌಂಟಿಯೊಳಗೇ ಇದೆ.

ಮಾಡುವ ಕ್ರಮ ಹೀಗೆ. ರಾಜ್ಯ ಚುನಾವಣಾ ಬ್ಯೂರೊ ಪ್ರೀಸಿಂಕ್ಟ್‌ವಾರು ಫಲಿತಾಂಶವನ್ನು ಜಿಪ್ ಫೈಲಾಗಿ ಕೊಡುತ್ತದೆ. ನಮ್ಮ ಮತಗಟ್ಟೆವಾರು ಫಾರಂ 20 ನೋಡಿದವರಿಗೆ ಇದರ ಉದ್ದೇಶ ಕೂಡಲೇ ಗೊತ್ತಾಗುತ್ತದೆ. ರೂಪ ಮಾತ್ರ ಬೇರೆ. ಒಳಗೆ ಮತಗಳದು ಒಂದು, ಅಭ್ಯರ್ಥಿ ಹೆಸರಿನದು ಒಂದು, ಸ್ಥಾನಗಳದು ಒಂದು, ಕೌಂಟಿಯದು ಒಂದು, ನಗರ ಮತ್ತು ಟೌನ್‌ಶಿಪ್‌ನದು ಒಂದು, ಹೀಗೆ ಬೇರೆ ಬೇರೆ ಪಠ್ಯ ಫೈಲುಗಳು, ಜೊತೆಗೆ ಕಾಲಂಗಳ ವಿವರ ಹೇಳುವ ಒಂದು ರೀಡ್‌ಮೀ. ಟ್ಯಾಬ್‌ನಿಂದ ಬೇರ್ಪಡಿಸಿರುತ್ತಾರೆ, ತಲೆಬರಹದ ಸಾಲು ಇರುವುದಿಲ್ಲ. ರೀಡ್‌ಮೀ ಓದಿ ಕಾಲಂಗಳಿಗೆ ನೀವೇ ಹೆಸರಿಡಬೇಕು.

ಮತಗಳ ಫೈಲಿನಲ್ಲಿ ಎಲ್ಲವೂ ಸಂಕೇತ. ಅಧ್ಯಕ್ಷ ಸ್ಥಾನ 1, ಅಮೆರಿಕ ಸೆನೆಟ್ 5, ಕಾಂಗ್ರೆಸ್ ಪ್ರತಿನಿಧಿ 6, ರಾಜ್ಯ ಪ್ರತಿನಿಧಿ 8. ಕ್ಷೇತ್ರದ ಸಂಕೇತ ಐದಂಕಿಯದು, 13ನೆಯದು 01300. ಕೌಂಟಿಗಳು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ 1ರಿಂದ 83. ಮ್ಯಾಕಂಬ್ 50, ಓಕ್‌ಲ್ಯಾಂಡ್ 63, ವೇಯ್ನ್ 82.

ಮೊದಲು ಸ್ಥಾನ 6, ಕ್ಷೇತ್ರ 01300 ಇರುವ ಸಾಲುಗಳನ್ನು ಹೆಕ್ಕಿ. ಅವುಗಳ ಕೌಂಟಿ, ನಗರ, ವಾರ್ಡ್, ಪ್ರೀಸಿಂಕ್ಟ್ ನಾಲ್ಕನ್ನೂ ಜೋಡಿಸಿ ಒಂದು ಕೀಲಿ ಮಾಡಿ. ಒಂದೊಂದು ಪ್ರೀಸಿಂಕ್ಟ್‌ಗೆ ಅಭ್ಯರ್ಥಿಗೊಂದರಂತೆ ಹಲವು ಸಾಲು ಇರುತ್ತವೆ, ಆದ್ದರಿಂದ ಕೀಲಿಯ ನಕಲುಗಳನ್ನು ತೆಗೆಯುವುದನ್ನು ಮರೆಯಬೇಡಿ. ಮರೆತರೆ ಟ್ರಂಪ್‌ಗೂ ಹ್ಯಾರಿಸ್‌ಗೂ ನಾಲ್ಕೈದು ಪಟ್ಟು ಮತ ಬರುತ್ತದೆ. ಆಮೇಲೆ ಸ್ಥಾನ 1ರ ಸಾಲುಗಳಲ್ಲಿ ಆ ಕೀಲಿ ಇರುವುದನ್ನು ಮಾತ್ರ ಕೂಡಿ.

ಒಂದು ಪ್ರೀಸಿಂಕ್ಟ್ ಎರಡು ಕ್ಷೇತ್ರಗಳಿಗೆ ಸೀಳಿಹೋಗಿದ್ದರೆ ಅದರ ಕೀಲಿ 12ರಲ್ಲೂ 13ರಲ್ಲೂ ಸಿಗುತ್ತದೆ. ಅದನ್ನು ಪತ್ತೆ ಹಚ್ಚಿ ಬೇರೆ ಇಡಿ. ಅಧ್ಯಕ್ಷ ಸ್ಥಾನದ ಮತವನ್ನು ಕಾಂಗ್ರೆಸ್ ಮತದ ಅನುಪಾತದಲ್ಲಿ ಹಂಚುವುದು ರೂಢಿ, ಆದರೆ ಅದು ಅಂದಾಜು. ಬರಹದಲ್ಲಿ "ಸುಮಾರು" ಎಂಬ ಪದ ಇರಲೇಬೇಕು.

ಎಕ್ಸೆಲ್‌ನಲ್ಲಿ ಫೈಲನ್ನು ನೇರ ತೆರೆದರೆ 01300 ಎಂಬುದು 1300 ಆಗುತ್ತದೆ. ಡೇಟಾ ಆಮದು ಮಾಡುವ ದಾರಿಯಲ್ಲೇ ಹೋಗಿ, ಸಂಕೇತದ ಕಾಲಂಗಳನ್ನೆಲ್ಲ "ಟೆಕ್ಸ್ಟ್" ಎಂದು ಗುರುತಿಸಿ. ಕೌಂಟಿಗಳಿಂದ ಬರುವ ಸಿಎಸ್‌ವಿಯಲ್ಲಿ ವಾರ್ಡ್ 1, ಪ್ರೀಸಿಂಕ್ಟ್ 2 ಎಂಬುದು "1-2" ಎಂದಿದ್ದರೆ ಎಕ್ಸೆಲ್ ಅದನ್ನು ಜನವರಿ 2 ಮಾಡಿ ಕೂರಿಸುತ್ತದೆ. ಒಮ್ಮೆ ಉಳಿಸಿಬಿಟ್ಟರೆ ಹಿಂದಕ್ಕೆ ತರಲಾಗದು, ಮೂಲ ಫೈಲನ್ನೇ ಮತ್ತೆ ಇಳಿಸಿಕೊಳ್ಳಬೇಕು.

ನಗರದ ಹೆಸರಿನ ಮೇಲೆ ಜೋಡಿಸುವ ಆಸೆ ಬೇಡ. ನಿಮ್ಮ ಓದುಗರ ಊರನ್ನೇ ತೆಗೆದುಕೊಳ್ಳಿ. ನೋವಿ ನಗರ ಒಂದು, ನೋವಿ ಟೌನ್‌ಶಿಪ್ ಇನ್ನೊಂದು. ಎರಡನೆಯದು ತೀರಾ ಪುಟ್ಟದು, ಆದರೆ ಪಟ್ಟಿಯಲ್ಲಿ ಇದೆ. ನಾರ್ತ್‌ವಿಲ್ ನಗರ ಅರ್ಧ ಓಕ್‌ಲ್ಯಾಂಡ್‌ನಲ್ಲಿ, ಅರ್ಧ ವೇಯ್ನ್‌ನಲ್ಲಿ. ಕೌಂಟಿವಾರು ನೋಡುವವರಿಗೆ ಒಂದೇ ಭಾಗ ಸಿಗುತ್ತದೆ. ರಾಜಧಾನಿ ಲಾನ್ಸಿಂಗ್ ಕೂಡ ಒಂದೇ ಕೌಂಟಿಯಲ್ಲಿಲ್ಲ. ಸಂಕೇತ ಹಿಡಿದರೆ ಈ ಕಾಟ ಇಲ್ಲ.

---

ಅಂಕಿಕಣ್ಣು:

ತಾಳೆಪಟ್ಟಿಯವರೇ, "ಕನಿಷ್ಠ 1,22,956" ಎಂಬ ಮಾತೇ ಬೇಕಾಗಿತ್ತು. ಧನ್ಯವಾದ. ಸೊನ್ನೆಬಿಲ್ಲು ಅವರು ಹೇಳಿದ ಕ್ರಮದಲ್ಲಿ ಮಾಡಿದ್ದಾಯಿತು. ಹೋಲಿಕೆಗೆಂದು 2020ರ ಫೈಲೂ ತೆರೆದೆ. ಅಲ್ಲಿ ಕೆಲವು ಊರುಗಳಲ್ಲಿ ಪ್ರೀಸಿಂಕ್ಟ್ ಮೊತ್ತ ತೀರಾ ಕಡಿಮೆ, ಟ್ರಂಪ್ ಕಡೆ ವಾಲಿದ್ದು. ಕೆಳಗೆ "ಎವಿಸಿಬಿ" ಎಂಬ ಸಾಲುಗಳಲ್ಲಿ ರಾಶಿ ಮತ, ಬೈಡನ್ ಕಡೆ. ಏನಿದು? ಇನ್ನು ಐದನೆಯ ಪ್ರಶ್ನೆಯೂ ಬಾಕಿ ಇದೆ.

---

ಮುಚ್ಚಳಿಕೆ:

ಎವಿಸಿಬಿ ಅಂದರೆ ಅಂಚೆ ಮತ ಎಣಿಸುವ ಮಂಡಳಿ. ದೊಡ್ಡ ಊರುಗಳು ಅಂಚೆಯಲ್ಲಿ, ಡಬ್ಬಿಯಲ್ಲಿ ಬಂದ ಮತಪತ್ರಗಳನ್ನು ಮತಗಟ್ಟೆಗೆ ಕಳಿಸದೆ ಒಂದೇ ಕಡೆ ಎಣಿಸುತ್ತವೆ. ಒಂದು ಮಂಡಳಿಗೆ ಹಲವು ಪ್ರೀಸಿಂಕ್ಟ್‌ಗಳ ಮತ ಬರುವುದುಂಟು. ಆದ್ದರಿಂದ ಅಂಥ ಊರಲ್ಲಿ ಪ್ರೀಸಿಂಕ್ಟ್ ನಕ್ಷೆ ಬಿಡಿಸಿದರೆ ಅದು ಮತಗಟ್ಟೆಗೆ ಹೋಗಿ ಹಾಕಿದವರ ನಕ್ಷೆ, ಊರಿನದಲ್ಲ. 2020ಕ್ಕೂ 2024ಕ್ಕೂ ಹೋಲಿಸುವುದಾದರೆ ಊರಿನ ಮಟ್ಟದಲ್ಲಿ ನಿಲ್ಲಿ, ಒಳಗೆ ಇಳಿಯಬೇಡಿ. 2024ರಲ್ಲಿ ಮತದಾನಕ್ಕೆ ಮುಂಚಿನ ಒಂಬತ್ತು ದಿನದ ಮುಂಗಡ ಮತದಾನವೂ ಸೇರಿದೆ. ಅದು 2022ರ ಎರಡನೇ ಪ್ರಸ್ತಾವನೆಯಿಂದ ಬಂದದ್ದು, 2020ರಲ್ಲಿ ಇರಲೇ ಇಲ್ಲ.

ಫೈಲಿನ ಕೊನೆಯ ಕಡೆ ನಗರದ ಹೆಸರಿರುವ ಜಾಗದಲ್ಲಿ "ಸ್ಟಾಟಿಸ್ಟಿಕಲ್ ಅಡ್ಜಸ್ಟ್‌ಮೆಂಟ್ಸ್" ಎಂದು ಕಂಡರೆ ಅಳಿಸಬೇಡಿ. ಪ್ರೀಸಿಂಕ್ಟ್ ಮೊತ್ತಕ್ಕೂ ಕೌಂಟಿಯ ಅಧಿಕೃತ ಮೊತ್ತಕ್ಕೂ ಇರುವ ವ್ಯತ್ಯಾಸ ಅಲ್ಲಿ ಇರುತ್ತದೆ. ಅದನ್ನು ಬಿಟ್ಟರೆ ರಾಜ್ಯದ ಮೊತ್ತಕ್ಕೆ ತಾಳೆ ಆಗದು.

ಈಗ ಐದನೆಯದು. ನವೆಂಬರ್ 6ರ ಅಂಕಿ ಯಾರದೂ ಅಧಿಕೃತ ಅಲ್ಲ. ನಮ್ಮ ಹಾಗೆ ಎಲ್ಲ ಮತಯಂತ್ರ ಒಂದೆಡೆ ತಂದು ಒಂದೇ ದಿನ ಬೆಳಿಗ್ಗೆ 8ಕ್ಕೆ ಎಣಿಕೆ ಶುರುಮಾಡಿ ಸುತ್ತು ಸುತ್ತಾಗಿ ಘೋಷಿಸುವ ಪದ್ಧತಿ ಅಲ್ಲಿಲ್ಲ. ಚುನಾವಣೆ ನಡೆಸುವವರು 1,500ಕ್ಕೂ ಹೆಚ್ಚು ನಗರ, ಟೌನ್‌ಶಿಪ್ ಕ್ಲರ್ಕ್‌ಗಳು. ರಾತ್ರಿ 8ಕ್ಕೆ ಮತಗಟ್ಟೆ ಮುಚ್ಚಿದ ಮೇಲೆ ಎಣಿಕೆ ಯಂತ್ರ ಕಿರಾಣಿ ಅಂಗಡಿಯ ಬಿಲ್ಲಿನಂಥ ಉದ್ದನೆಯ ಕಾಗದ ಹೊರಹಾಕುತ್ತದೆ. ಬೆಳಿಗ್ಗೆ ಶುರು ಮಾಡುವ ಮುಂಚೆ ಎಲ್ಲ ಹೆಸರಿನ ಮುಂದೆ ಸೊನ್ನೆ ತೋರಿಸುವ ಇನ್ನೊಂದು ಬಿಲ್ಲು ತೆಗೆದಿರುತ್ತಾರೆ. ರಾತ್ರಿಯ ಬಿಲ್ಲಿಗೆ ಮತಗಟ್ಟೆ ಸಿಬ್ಬಂದಿ ಸಹಿ ಹಾಕುತ್ತಾರೆ. ಮೆಮೊರಿ ಕಾರ್ಡು ಕೌಂಟಿಗೆ ಹೋಗುತ್ತದೆ, ಕೌಂಟಿ ತನ್ನ ತಾಣದಲ್ಲಿ ಹಾಕುತ್ತದೆ, ಸುದ್ದಿಸಂಸ್ಥೆಗಳು ಅಲ್ಲಿಂದ ಎತ್ತುತ್ತವೆ. ವಿಸ್ಕಾನ್ಸಿನ್‌ಗೆ ತಾಗಿದ ಗೋಗೆಬಿಕ್, ಐರನ್, ಡಿಕಿನ್‌ಸನ್, ಮೆನೊಮಿನಿ ಎಂಬ ನಾಲ್ಕು ಕೌಂಟಿಗಳ ಗಡಿಯಾರ ಒಂದು ಗಂಟೆ ಹಿಂದೆ. ಅಲ್ಲಿ ಮತದಾನ ಮುಗಿಯುವಾಗ ಡೆಟ್ರಾಯ್ಟ್‌ನಲ್ಲಿ ರಾತ್ರಿ 9.

ಆಮೇಲೆ ಕೌಂಟಿ ಕ್ಯಾನ್ವಾಸ್, ಅಂದರೆ ಅಧಿಕೃತ ತಾಳೆ ಮತ್ತು ದೃಢೀಕರಣ. ಪ್ರತಿ ಕೌಂಟಿಗೂ ಎರಡು ಪಕ್ಷಗಳಿಂದ ಇಬ್ಬಿಬ್ಬರಂತೆ ನಾಲ್ವರ ಮಂಡಳಿ. ಬಿಲ್ಲು ಮತ್ತು ಕೌಂಟಿ ಮೊತ್ತ ತಾಳೆ ನೋಡುತ್ತಾರೆ, ಪೋಲ್‌ಬುಕ್‌ನಲ್ಲಿ (ಮತ ಹಾಕಲು ಬಂದವರ ದಾಖಲೆ) ಇರುವ ಮತದಾರರ ಸಂಖ್ಯೆಗೂ ಮತಪತ್ರದ ಸಂಖ್ಯೆಗೂ ತಾಳೆ ನೋಡುತ್ತಾರೆ. 14 ದಿನದೊಳಗೆ ಮುಗಿಸಬೇಕು. ಈ ನಡುವೆ ಎರಡು ಬಗೆಯ ಮತ ಸೇರಿಕೊಳ್ಳುತ್ತವೆ: ಗುರುತು ಅಥವಾ ವಿಳಾಸ ಅಲ್ಲೇ ಖಚಿತಪಡಿಸಲಾಗದೆ ತಾತ್ಕಾಲಿಕ ಮತಪತ್ರ ಹಾಕಿ ಆರು ದಿನದೊಳಗೆ ದಾಖಲೆ ತೋರಿಸಿದವರದು, ಸೇನೆಯಲ್ಲಿರುವವರ ಮತ್ತು ಹೊರದೇಶದಲ್ಲಿರುವವರ ಮತಪತ್ರ, ಚುನಾವಣೆ ದಿನದೊಳಗೆ ಅಂಚೆ ಮೊಹರು ಬಿದ್ದು ಆರು ದಿನದೊಳಗೆ ತಲುಪಿದರೆ. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ಮಿಷಿಗನ್ ಮತದಾರರ ಮತ ಈ ಎರಡನೆಯ ಬಗೆಯದು.

ಕೊನೆಗೆ ನಾಲ್ವರ ರಾಜ್ಯ ಕ್ಯಾನ್ವಾಸ್ ಮಂಡಳಿ. 2024ರಲ್ಲಿ ಅವರು ದೃಢೀಕರಿಸಿದ್ದು ನವೆಂಬರ್ 25ರಂದು. ನಿಮ್ಮ ಬರಹದಲ್ಲಿ ಈ ದಿನಾಂಕದ ಅಂಕಿ ಕೊಡಿ, ಕೆಳಗೆ "ನವೆಂಬರ್ 25ರಂದು ದೃಢೀಕರಿಸಿದಂತೆ" ಎಂದು ಸೇರಿಸಿ. ರಾಜ್ಯದ ಪರವಾಗಿ ಅಧ್ಯಕ್ಷರಿಗೆ ಔಪಚಾರಿಕ ಮತ ಹಾಕುವ 15 ಎಲೆಕ್ಟರ್‌ಗಳು ಲಾನ್ಸಿಂಗ್‌ನಲ್ಲಿ ಮತ ಹಾಕಿದ್ದು ಡಿಸೆಂಬರ್ 17ಕ್ಕೆ. ಆ ಚುನಾವಣೆಗೆ ಇದ್ದ ನಿಯಮದಲ್ಲಿ ರಾಜ್ಯಮಟ್ಟದ ಅಂತರ 2,000 ಅಥವಾ ಕಡಿಮೆ ಇದ್ದರೆ ತಾನಾಗಿಯೇ ಮರುಎಣಿಕೆ. 19,006 ಅದರ ಹತ್ತಿರವೂ ಇಲ್ಲ.

---

ತಾಳೆಪಟ್ಟಿ:

ರಾತ್ರಿಯ ಅಂಕಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2020ರ ಆ್ಯಂಟ್ರಿಮ್ ಕೌಂಟಿ ಸೇರಿಸಿ, ಓದುಗರು ಬಿಡುವುದಿಲ್ಲ.

ರಿಪಬ್ಲಿಕನ್ ಕೋಟೆಯಾದ ಈ ಸಣ್ಣ ಕೌಂಟಿಯಲ್ಲಿ ಮೊದಲ ಪಟ್ಟಿ ಬೈಡನ್‌ಗೆ ಸುಮಾರು 3,000 ಮುನ್ನಡೆ ತೋರಿಸಿತು. ಕಾರಣ ಹ್ಯಾಕಿಂಗ್ ಅಲ್ಲ. ಅಕ್ಟೋಬರ್‌ನಲ್ಲಿ ಕೆಲವು ಊರುಗಳ ಮತಪತ್ರದಲ್ಲಿ ಸ್ಥಳೀಯ ಸ್ಥಾನಗಳ ತಿದ್ದುಪಡಿ ಆಯಿತು. ಆಗ ಚುನಾವಣಾ ವಿವರದ ಫೈಲನ್ನು ಕೌಂಟಿಯ ಕಂಪ್ಯೂಟರ್‌ನಲ್ಲಿ ಹೊಸದಾಗಿ ತಯಾರಿಸಿದರು. ಬದಲಾವಣೆ ಇದ್ದ ಊರಿನ ಯಂತ್ರಗಳಿಗೆ ಹೊಸ ಕಾರ್ಡು ಹೋಯಿತು, ಉಳಿದ ಊರುಗಳಲ್ಲಿ ಹಳೆಯದೇ ಉಳಿಯಿತು. ಯಂತ್ರ ಅಭ್ಯರ್ಥಿಯನ್ನು ಹೆಸರಿನಿಂದ ಗುರುತಿಸುವುದಿಲ್ಲ, ಕ್ರಮಸಂಖ್ಯೆಯಿಂದ. ಹೊಸ ಫೈಲಿನಲ್ಲಿ ಕ್ರಮಸಂಖ್ಯೆ ಸರಿದುಹೋಗಿತ್ತು. ಹಳೆ ಕಾರ್ಡಿನ ಮತವನ್ನು ಹೊಸ ಪಟ್ಟಿಗೆ ಸುರಿದಾಗ ಒಬ್ಬರ ಮತ ಪಕ್ಕದವರ ಖಾನೆಗೆ ಬಿತ್ತು. ದೋಸೆ ಒಬ್ಬರು ಹೇಳಿದ್ದು, ಪಕ್ಕದ ಮೇಜಿಗೆ ಹೋದಂತೆ.

ಮತಗಟ್ಟೆಯ ಬಿಲ್ಲುಗಳಲ್ಲಿ ಅಂಕಿ ಸರಿಯಾಗಿಯೇ ಇತ್ತು, ಏಕೆಂದರೆ ಅವು ಅಚ್ಚಾದದ್ದು ಅದೇ ಯಂತ್ರದಲ್ಲಿ, ಅದೇ ಹಳೆ ಕಾರ್ಡಿನಿಂದ. ಬಿಲ್ಲು ನೋಡಿ ತಿದ್ದಿದರು. ಅಧಿಕೃತ ಅಂಕಿ ಟ್ರಂಪ್ 9,748, ಬೈಡನ್ 5,960. ಡಿಸೆಂಬರ್ 17ರಂದು ಒಂದೊಂದು ಮತಪತ್ರವನ್ನೂ ಕೈಯಲ್ಲಿ ಎಣಿಸಿದಾಗ 9,759 ಮತ್ತು 5,959. ಅಂತರದಲ್ಲಿ ಒಟ್ಟು 12 ಮತದ ವ್ಯತ್ಯಾಸ.

---

ಕೆರೆದಂಡೆ:

ಇಷ್ಟೆಲ್ಲ ಲೆಕ್ಕ ಸರಿ. ಆದರೆ ಅರಬ್ ಮೂಲದವರು ಹೆಚ್ಚಿರುವ ಡಿಯರ್‌ಬಾರ್ನ್ ಒಂದೇ ಸಾಕಲ್ಲ? ಗಾಜಾ ಸಿಟ್ಟಿನಲ್ಲಿ ಅಲ್ಲಿ ಟ್ರಂಪ್ ಗೆದ್ದರು, ಹ್ಯಾರಿಸ್ ಸೋತದ್ದು ಅಲ್ಲೇ ಅಂತ ಎಲ್ಲ ಕಡೆ ಬಂತು.

---

ತಾಳೆಪಟ್ಟಿ:

ಅರ್ಧ ನಿಜ. ಡಿಯರ್‌ಬಾರ್ನ್ ನಗರದಲ್ಲಿ ಟ್ರಂಪ್‌ಗೆ ಶೇ 42ರಷ್ಟು, ಹ್ಯಾರಿಸ್‌ಗೆ ಶೇ 36ರಷ್ಟು, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ಶೇ 18ರಷ್ಟು ಬಿದ್ದದ್ದು ಹೌದು. ಸ್ಟೈನ್‌ಗೆ ಇಡೀ ರಾಜ್ಯದಲ್ಲಿ ಶೇ 1ಕ್ಕಿಂತ ಕಡಿಮೆ, ಹೀಗಾಗಿ ಆ 18 ಬಹಳ ದೊಡ್ಡದು. ಆದರೆ ಅದೇ ಸ್ಟೈನ್ ರಾಜ್ಯದಲ್ಲಿ ಪಡೆದ ಒಟ್ಟು ಮತ ಸುಮಾರು 44,600. ಅಷ್ಟನ್ನೂ ಎತ್ತಿ ಹ್ಯಾರಿಸ್‌ಗೆ ಕೊಟ್ಟರೂ 80,103ರ ಅಂತರ ಮುಚ್ಚುವುದಿಲ್ಲ. ಡಿಯರ್‌ಬಾರ್ನ್ ಫಲಿತಾಂಶಕ್ಕೆ ಒಂದು ಮುಖ ಕೊಟ್ಟಿತು, ಮೊತ್ತ ಕೊಡಲಿಲ್ಲ.

ಅಲ್ಲಿನ ಇನ್ನೊಂದು ಸಾಲು ಯಾರೂ ಓದುವುದಿಲ್ಲ. ಅದೇ ಊರಿನಲ್ಲಿ ಡೆಮಾಕ್ರಟಿಕ್ ಪಕ್ಷದ ರಶೀದಾ ತ್ಲೈಬ್‌ಗೆ ಕಾಂಗ್ರೆಸ್ ಸ್ಥಾನಕ್ಕೆ ಶೇ 60 ದಾಟಿ ಬಿತ್ತು. "ಊರು ಪಕ್ಷ ಬದಲಿಸಿತು" ಎನ್ನುವವರು ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಇದೇ ಬಗೆಯ ಇನ್ನೊಂದು ಗೋಜಲು: ರಾಬರ್ಟ್ ಕೆನಡಿ ಜೂನಿಯರ್ ಕಣದಿಂದ ಹಿಂದೆ ಸರಿದು ಟ್ರಂಪ್ ಬೆನ್ನಿಗೆ ನಿಂತಿದ್ದರೂ ಮಿಷಿಗನ್ ಮತಪತ್ರದಲ್ಲಿ ಹೆಸರು ಉಳಿದಿತ್ತು, ನ್ಯಾಚುರಲ್ ಲಾ ಪಕ್ಷದಿಂದ. ಸುಮಾರು 27 ಸಾವಿರ ಮತ ಬಿದ್ದಿತು. ಸಣ್ಣ ಪಕ್ಷಗಳ ಮತವನ್ನೆಲ್ಲ ಎಡಪಂಥದ ಸಿಟ್ಟು ಎಂದು ಒಂದೇ ಬುಟ್ಟಿಗೆ ಹಾಕಿದರೆ ಇದೂ ಅದರೊಳಗೆ ಬಿದ್ದುಬಿಡುತ್ತದೆ.

---

ಚೀಟಿಚಾವಡಿ:

ಬರಹದಲ್ಲಿ "ರಾಜ್ಯ ಸರ್ಕಾರ ಬದಲಾಯಿತು" ಎಂಬ ಸಾಲು ನುಸುಳದಂತೆ ನೋಡಿಕೊಳ್ಳಿ. ಗವರ್ನರ್, ಅಟಾರ್ನಿ ಜನರಲ್, ಸೆಕ್ರೆಟರಿ ಆಫ್ ಸ್ಟೇಟ್, 38 ಸ್ಥಾನದ ರಾಜ್ಯ ಸೆನೆಟ್, ಇವು 2022ರಲ್ಲಿ ಆಯ್ಕೆಯಾದವು. 2024ರ ಮತಪತ್ರದಲ್ಲಿ ಇರಲೇ ಇಲ್ಲ. ಬದಲಾದದ್ದು ರಾಜ್ಯ ಪ್ರತಿನಿಧಿ ಸಭೆ: 110ರಲ್ಲಿ ರಿಪಬ್ಲಿಕನ್ 58, ಡೆಮಾಕ್ರಟ್ 52. ಕಾಂಗ್ರೆಸ್‌ನ 13ರಲ್ಲಿ 7–6, ರಿಪಬ್ಲಿಕನ್ ಕಡೆಗೆ. ಆ ಏಳನೆಯದು ಬಂದದ್ದು 7ನೇ ಕ್ಷೇತ್ರದಿಂದ, ಸ್ಲಾಟ್‌ಕಿನ್ ಸೆನೆಟ್‌ಗೆ ನಿಲ್ಲಲು ಬಿಟ್ಟುಹೋದ ಸ್ಥಾನ. ಅವರು ರಾಜ್ಯ ಗೆದ್ದರು, ಅವರ ಪಕ್ಷ ಅವರ ಕ್ಷೇತ್ರ ಕಳೆದುಕೊಂಡಿತು. ಅಲ್ಲಿ ಗೆದ್ದವರು ಟಾಮ್ ಬ್ಯಾರೆಟ್.

---

ಅಂಕಿಕಣ್ಣು:

ಎಲ್ಲರಿಗೂ ಧನ್ಯವಾದ. ಸರಿಪಡಿಸಿದ ಫೈಲಿನಲ್ಲಿ ಟ್ರಂಪ್ ಮೊತ್ತ ಈಗಲೂ ಕೆಲವು ನೂರು ಕಡಿಮೆ ಬರುತ್ತಿದೆ. ಹ್ಯಾರಿಸ್‌ರದೂ ಹಾಗೆಯೇ. ಎಲ್ಲಿ ಹುಡುಕಲಿ?

---

ಸೊನ್ನೆಬಿಲ್ಲು:

ಮೊದಲು ಕೌಂಟಿವಾರು ಮೊತ್ತ ತೆಗೆದು ರಾಜ್ಯದ ಕೌಂಟಿ ಪಟ್ಟಿಯ ಪಕ್ಕ ಇಡಿ, 83 ಸಾಲು. 80 ಕೌಂಟಿ ಸರಿಹೋಗಿ ಎರಡು ಮೂರು ಮಾತ್ರ ತಪ್ಪಿದರೆ ಕೀಲಿಯ ತೊಂದರೆ: ವಾರ್ಡ್ ಇಲ್ಲದ ಊರಿನಲ್ಲಿ ಆ ಖಾನೆ ಒಂದು ಕಡೆ ಖಾಲಿ, ಇನ್ನೊಂದು ಕಡೆ ಸೊನ್ನೆ ಆಗಿರುತ್ತದೆ, ಇಲ್ಲವೇ ಪ್ರೀಸಿಂಕ್ಟ್‌ಗೆ "ಎ", "ಬಿ" ಎಂಬ ಬಾಲ ಇದ್ದು ನಕಲು ಎಂದು ಅಳಿಸಿಹೋಗಿರುತ್ತದೆ. ಬಾಲದ ಕಾಲಂ ಬೇರೆಯೇ ಇದೆ, ಅದನ್ನೂ ಕೀಲಿಗೆ ಸೇರಿಸಿ.

ಹಲವು ಕೌಂಟಿಗಳಲ್ಲಿ ಸ್ವಲ್ಪ ಸ್ವಲ್ಪ ಕಡಿಮೆ ಇದ್ದರೆ ಮುಚ್ಚಳಿಕೆಯವರು ಹೇಳಿದ ಅಡ್ಜಸ್ಟ್‌ಮೆಂಟ್ ಸಾಲುಗಳನ್ನು ನೀವು ಫಿಲ್ಟರ್‌ನಲ್ಲಿ ಕಳೆದುಕೊಂಡಿದ್ದೀರಿ. ಅವುಗಳ ನಗರ ಸಂಕೇತ 9999. "ತಪ್ಪು ಸಂಕೇತ" ಎಂದು ತೆಗೆದುಹಾಕುವ ಸೂತ್ರ ಎಲ್ಲಾದರೂ ಬರೆದಿದ್ದೀರಾ ನೋಡಿ.

---

ಅಂಕಿಕಣ್ಣು:

ಬರೆದಿದ್ದೆ. ತೆಗೆದೆ. 28,16,636 ಬಂತು.